ದೊಡ್ಡಮ್ಮನ ಹಿಮ್ಮಡಿಗೆ ಕುರಿಯ ಜಿಡ್ಡು

ಬೆಳಿಗ್ಗೆ ಕಾಲುಚೀಲ ಹಾಕಿಕೊಳ್ಳುವಾಗ ಒಡೆದ ಹಿಮ್ಮಡಿಗೆ ನೂಲು ಸಿಕ್ಕಿ ಚುರ್ರೆಂದಿತು. ಐವತ್ತು ದಾಟಿದವನ ಹಿಮ್ಮಡಿ ಒಡೆಯುವುದು ದೊಡ್ಡ ಸಂಗತಿಯೇನಲ್ಲ, ನಿಮಗೂ ಗೊತ್ತು. ಆದರೆ ನಾನು ಯೋಚನೆಯಲ್ಲೇ ಅಲ್ಲಿಂದ ಸಕ್ಕರೆ ಕಾಯಿಲೆಗೆ, ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸುವುದಕ್ಕೆ ಹೋಗಿ, ಕಾಫಿ ಆರುವಷ್ಟರಲ್ಲಿ ಕೃಷ್ಣಮೂರ್ತಿಪುರಂನ ದೊಡ್ಡಮ್ಮನ ಹತ್ತಿರ ಬಂದು ನಿಂತಿದ್ದೆ.

ಒಂದು ಚಳಿಗಾಲ ದೊಡ್ಡಮ್ಮನ ಹಿಮ್ಮಡಿ ರಕ್ತ ಜಿನುಗುವಷ್ಟು ಬಿರಿದಿತ್ತು. ಮನೆಯೊಳಗೆ ಚಪ್ಪಲಿ ಮೆಟ್ಟುವ ಮಾತೇ ಇಲ್ಲ. ದೊಡ್ಡಪ್ಪನ ತಿಥಿ ಬೇರೆ ಹತ್ತಿರ ಬಂದಿತ್ತು. ರಕ್ತ ಕಂಡರೆ ಮಡಿ ಕೆಟ್ಟಿತು, ಅಡುಗೆ ಬೇರೆಯವರ ಪಾಲು.

"ಅವ್ರಿಗೆ ನನ್ನ ಕೈ ಸಾರೇ ಆಗ್ಬೇಕು ಕಣೋ. ಇದ್ದಾಗ್ಲೂ ಇನ್ನೊಬ್ರ ಸಾರು ಮುಟ್ಟಿದೋರಲ್ಲ" ಎಂದು ಗೋಡೆ ಹಿಡಿದು ಕುಂಟುತ್ತಿದ್ದರು.

ಡಾಕ್ಟರು ಬರೆದ ಮುಲಾಮು ತಂದೆ. ತಂದವನು ಸುಮ್ಮನೆ ಕೊಡಬೇಕಿತ್ತು. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದುವುದು ನನ್ನ ಚಟ. ಲ್ಯಾನೊಲಿನ್ ಎಂದಿತ್ತು. ಕೇಳಿದ್ದಕ್ಕೆ ಅಂಗಡಿಯವರು, "ಕುರಿ ಉಣ್ಣೆ ತೊಳ್ದಾಗ ಬರೋ ಜಿಡ್ಡು ಸಾರ್, ಚರ್ಮಕ್ಕೆ ಬಾಳ ಒಳ್ಳೇದು" ಎಂದರು. ನನ್ನ ಕಿವಿಗೆ ಬಿದ್ದದ್ದು ಕುರಿ ಮಾತ್ರ. ಈರುಳ್ಳಿಯನ್ನೂ ಒಳಗೆ ಬಿಡದ ಮನೆಗೆ ಕುರಿ! ಹೇಳಿದರೆ ಹಚ್ಚಿಕೊಳ್ಳುವುದಿಲ್ಲ, ಹೇಳದಿದ್ದರೆ ತಿಥಿ ಕೆಡಿಸಿದ ಪಾಪ. ಅವರ ಬೀದಿಯಲ್ಲೇ ಸ್ಕೂಟರು ಸುತ್ತಿಸಿ ಸುತ್ತಿಸಿ, ಕೊನೆಗೆ ಹೇಳಿಯೇಬಿಟ್ಟೆ.

"ಕುರಿ ಕೊಯ್ದು ತೆಗೀತಾರೇನೋ?"

"ಇಲ್ಲ ದೊಡ್ಡಮ್ಮ, ಉಣ್ಣೆದಂತೆ."

ಮಡಿಗೆಂದು ಉಟ್ಟಿದ್ದ ಉಣ್ಣೆಯ ಧಾಬಳಿಯ ಸೆರಗನ್ನು ನನ್ನ ಮುಖದೆದುರು ಆಡಿಸಿದರು. "ಮತ್ತೆ ಇದನ್ನೇನು ಗಿಡದಿಂದ ಕಿತ್ರಾ? ಉಣ್ಣೆ ಒಗೀದಿದ್ರೂ ಮಡಿ. ಅದ್ರ ಜಿಡ್ಡಿಗೇನು ಬಂತೋ ರೋಗ? ಬಿ.ಎಸ್ಸಿ. ಓದ್ಬುಟ್ಟು ಇಷ್ಟೂ ತಿಳೀಲಿಲ್ವಲ್ಲೋ!"

ನಾನು ಉಸಿರು ಬಿಡುವಷ್ಟರಲ್ಲಿ ಅವರ ಕಣ್ಣು ಟ್ಯೂಬಿನ ಮೇಲೆ ಬಿತ್ತು. "ಆ ಪ್ಲಾಸ್ಟಿಕ್ಕು ಮಾತ್ರ ನಾನು ಮುಟ್ಟಲ್ಲ. ನೀನೇ ಮೇಲಿಂದ ಹಿಂಡು. ತಾಗಿಸ್ಬುಟ್ಟೀಯ, ಜೋಕೆ."

ಆಫೀಸಿಗೆ ಹೋಗುವ ಮುನ್ನ ದಿನವೂ ಇಸ್ತ್ರಿಯ ಪ್ಯಾಂಟಿನಲ್ಲಿ ಮಂಡಿಯೂರಿ, ಗೇಣುದ್ದ ಮೇಲಿಂದ ಗುರಿಯಿಟ್ಟು ಹಿಂಡಿದೆ. ತಿಥಿಯ ದಿನ ದೊಡ್ಡಮ್ಮ ಒಲೆಯ ಮುಂದೆ ನೆಟ್ಟಗೆ ನಿಂತಿದ್ದರು. ಸಾರಿನ ಘಮ ಬೀದಿಯವರೆಗೆ ಬಂದಿತ್ತು.

ಈಗ ಅವರಿಲ್ಲ. ನಾಳೆ ಅವರದೇ ತಿಥಿ. ಸಾರು ನನ್ನ ಪಾಲಿಗೆ ಬಂದಿದೆ. ಕುವೆಂಪುನಗರದ ಅಂಗಡಿಯಿಂದ ಕಾಲಿಗೆ ಹೊಸ ಮುಲಾಮು ತಂದೆ. ಪ್ರಾಣಿಯದೇನೂ ಇದರಲ್ಲಿಲ್ಲ ಎಂದು ಹಸಿರು ಅಕ್ಷರದಲ್ಲಿ ಭರವಸೆ ಕೊಟ್ಟಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ನಿಶ್ಚಿಂತರಾಗುತ್ತಿದ್ದರು. ನಾನು ಮುಚ್ಚಳ ತೆಗೆಯದೆ ಕೂತಿದ್ದೇನೆ. ಕುರಿಯೇ ಇಲ್ಲದ್ದು, ದೊಡ್ಡಮ್ಮನ ಮಡಿಗೆ ಬಂದೀತೇ?