ನುಂಗಿದ 'ಹ'ಕಾರ

ಅವರ ಬಲತೋಳು ಎಡತೋಳಿಗಿಂತ ಒಂದು ಸುತ್ತು ದಪ್ಪ. ಅಂಗಿಯ ಬಲಗೈ ಹಿಡಿಸದೆ, ಹೊಲಿಗೆ ಬಿಚ್ಚಿಸಿ ನಡುವೆ ಬೇರೆ ಬಟ್ಟೆಯ ಪಟ್ಟಿ ಸೇರಿಸಿಕೊಂಡಿದ್ದರು. ಪಟ್ಟಿ ನೀಲಿ ಎಂದು ನನ್ನ ನೆನಪು. ಕೆಂಪೂ ಇದ್ದಿರಬಹುದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಮೈಸೂರಿನಲ್ಲಿ ಆಂಗ್ಲಿಕನ್ ಪಾದ್ರಿಗಳು ನಡೆಸುತ್ತಿದ್ದ ನಮ್ಮ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಒಂದು ದೊಡ್ಡ ಆರ್ಗನ್ ಇತ್ತು. ಅದರ ಹಿಂದೆ ಮರದ ತಡಿಕೆಯ ಮರೆಯಲ್ಲಿ ನಿಂತು, ತಿದಿ ಒತ್ತಿ ಗಾಳಿ ತುಂಬುವುದು ಅವರ ಕೆಲಸ. ಹುಣಸೂರಿನ ಕಮ್ಮಾರರ ಮನೆಯವರು. ನಾವೆಲ್ಲ ತಿದಿಯಣ್ಣ ಎನ್ನುತ್ತಿದ್ದೆವು. ಗಾಳಿ ಎಷ್ಟಿದೆ ಎಂದು ತೋರಿಸಲು ದಾರದ ತುದಿಯಲ್ಲಿ ಒಂದು ಸೀಸದ ಗುಂಡು ತೂಗುತ್ತಿತ್ತು. ಗೋಡೆಯ ಮೇಲೆ ಎರಡು ಸುಣ್ಣದ ಗೆರೆ. "ಗುಂಡು ಗೆರೆ ದಾಟ್ಬಾರ್ದು ಕಣಪ್ಪ, ದಾಟುದ್ರೆ ಆಡು ಕೆಟ್ಟೋಯ್ತದೆ" ಎನ್ನುತ್ತಿದ್ದರು. ಹಾಡು ಅವರ ಬಾಯಲ್ಲಿ ಯಾವಾಗಲೂ 'ಆಡು'. ಅದಕ್ಕೆ ಅವರು ನಾಚಿದ್ದನ್ನು ನಾನು ಕಾಣೆ.

ನಾಚುತ್ತಿದ್ದವನು ನಾನು. ನನ್ನೂರು ಹುಣಸೂರಿನ ಪಕ್ಕದ ಹನಗೋಡು; ನನ್ನದೂ ಅದೇ ನಾಲಗೆ. ಹಾಸ್ಟೆಲಿನಲ್ಲಿ "ಬಂದ ನೋಡ್ರೋ ಉಣ್ಸೂರುಡ್ಗ" ಎಂದು ರೇಗಿಸುತ್ತಿದ್ದರು. ಮೇಣದಬತ್ತಿಯ ಮುಂದೆ ಕೂತು, ಕುಡಿ ಅಲುಗುವ ಹಾಗೆ 'ಹ' ಅನ್ನುವುದನ್ನು ಅಭ್ಯಾಸ ಮಾಡಿದೆ. ಮನೆಯ ದೇವರನ್ನೂ ನಂಬದ ನಾನು ಪ್ರಾರ್ಥನಾಮಂದಿರದ ಗಾಯನ ತಂಡಕ್ಕೆ ಸೇರಿದ್ದೂ ಭಕ್ತಿಯಿಂದಲ್ಲ. ದನಿ ಚೆನ್ನಾಗಿತ್ತು, ಅಲ್ಲಿ ಹಾಡಿದವರನ್ನು ಯಾರೂ ಹಳ್ಳಿಯವರು ಎನ್ನುತ್ತಿರಲಿಲ್ಲ.

ಇಂಗ್ಲೆಂಡಿನ ಚರ್ಚುಗಳಲ್ಲಿ ತಲೆಮಾರುಗಳಿಂದ ಬಂದ ಹಾಡಿಕೆಯ ಕ್ರಮ ನಮ್ಮ ಕಾಲೇಜಿನಲ್ಲೂ ಬೇರೂರಿದೆ ಎಂದು ತೋರಿಸಲು, ಗಾಯನ ಕಲಿಸುತ್ತಿದ್ದ ಪಾದ್ರಿ ದೊರೆ ಒಂದು ಗ್ರಾಮಫೋನ್ ಪ್ಲೇಟು ಮಾಡಿಸಲು ಹೊರಟರು. ಮದರಾಸಿನಿಂದ ಯಂತ್ರ ಬಂತು. ಅದೇ ದಿನ ನಮ್ಮ ಮಂದ್ರದ ದನಿಯವರಲ್ಲಿ ಒಬ್ಬ ಜ್ವರ ಬಂದು ಮಲಗಿದ. ದೊರೆ ತಡಿಕೆಯ ಕಡೆ ನೋಡಿದರು. ಹನ್ನೆರಡು ವರ್ಷ ಆ ಮರೆಯಲ್ಲಿ ತಿದಿಯ ಜತೆಗೇ ಮಂದ್ರದಲ್ಲಿ ಗುನುಗುತ್ತಿದ್ದ ದನಿ ಅವರಿಗೆ ಗೊತ್ತಿತ್ತು. ತೋಟದ ಮಾಲಿಯನ್ನು ತಿದಿಗೆ ನಿಲ್ಲಿಸಿ ತಿದಿಯಣ್ಣನನ್ನು ಈಚೆ ಕರೆದರು.

ಹಾಡುವವರ ಬಿಳಿ ನಿಲುವಂಗಿ ತೊಟ್ಟುಕೊಂಡು ಬಂದರು. ನನ್ನ ಪಕ್ಕದಲ್ಲೇ ನಿಂತರು. "ಈ ಕಡೆಯಿಂದ ನೋಡುದ್ರೆ ಎಷ್ಟು ದೊಡ್ಡದ್ಲಾ ಇದು!" ಎಂದು ಆರ್ಗನ್ನನ್ನೇ ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬಾರದು. ಹಾಡಿನ ಪ್ರತಿ ಅಕ್ಷರವೂ ಕಿವಿಯಲ್ಲಿತ್ತು.

ಹಾಡು ಶುರುವಾಗುವುದು ಮಂದ್ರದವರಾದ ನಮ್ಮಿಂದಲೇ, ವಾದ್ಯವಿಲ್ಲದೆ. ದನಿ ಅಚ್ಚಾಗುವ ಮೇಣದ ತಟ್ಟೆ ತಿರುಗಿತು. ನಾಲ್ಕನೆಯ ಮಾತು 'ಹೆವನ್'. ಸದ್ದಿಲ್ಲದ ಆ ಮಂದಿರದಲ್ಲಿ ಒಂದು ದನಿ 'ಎವನ್' ಎಂದಿತು.

ದೊರೆ ಕೈ ಎತ್ತಿ ನಿಲ್ಲಿಸಿದರು. ಮೇಣದ ತಟ್ಟೆ ಹಾಳಾಯಿತು. "ಯಾರು 'ಹ' ನುಂಗಿದ್ದು?" ಎಂದು ಕನ್ನಡದಲ್ಲೇ ಕೇಳಿದರು. ಹಿಂದಿನಿಂದ ಒಬ್ಬ "ಎವನ್ಲಾ ಅವನು?" ಎಂದು ಪಿಸುಗುಟ್ಟಿದ, ನಗು ಹರಡಿತು. ಎಲ್ಲರೂ ತಿದಿಯಣ್ಣನನ್ನು ನೋಡಿದರು. ನಾನೂ ನೋಡಿದೆ.

ತಪ್ಪಿದ್ದು ನನ್ನ ನಾಲಗೆ.

ಇದನ್ನೂ ಅನುಮಾನಿಸಲು ಬಹಳ ವರ್ಷ ಪ್ರಯತ್ನಪಟ್ಟಿದ್ದೇನೆ. ಒಂದೇ ನಾಡಿನ ಎರಡು ದನಿ ಪಕ್ಕಪಕ್ಕದಲ್ಲಿದ್ದವು, ಯಾವುದು ಯಾರದೆಂದು ಹೇಗೆ ಹೇಳುವುದು? ಮೇಣವನ್ನು ಹೆರೆದುಹಾಕಿದರು, ಸಾಕ್ಷಿ ಇಲ್ಲ. ಆದರೆ ನನ್ನ ತುಟಿಗೆ ಗೊತ್ತು. ಅವರಿಗೂ ಗೊತ್ತಿತ್ತು. ನನ್ನನ್ನು ಒಮ್ಮೆ ನೋಡಿದರು. "ನಂದೇ ಸ್ವಾಮಿ" ಎಂದರು. ನಿಲುವಂಗಿಯನ್ನು ತಾವೇ ಬಿಚ್ಚಿ, ಮಡಿಸಿ ಬೆಂಚಿನ ಮೇಲಿಟ್ಟು ತಡಿಕೆಯ ಹಿಂದೆ ಹೋದರು. ಎರಡನೆಯ ಸಲ ನನ್ನ 'ಹ' ಸ್ಪಷ್ಟವಾಗಿ ಬಂತು.

ಸಂಜೆ ಅವರು ತಿದಿಯ ಚರ್ಮಕ್ಕೆ ಹರಳೆಣ್ಣೆ ಹಚ್ಚುತ್ತಿದ್ದರು. ಬಾಗಿಲಲ್ಲಿ ನಿಂತೆ.

"ಬುಡು ಮಗ, ಯಾಕಂಗ್ ನಿಂತಿದ್ದೀಯೆ?" ಎಂದರು. "ಆ ಅಕ್ಸರ ಅಂದ್ರೇನು? ಬರೀ ಗಾಳಿ. ಗಾಳಿ ಕಮ್ಮಿ ಆದ್ರೆ ತಿದಿಯವನ್ದೇ ತೆಪ್ಪು ಕಣ."

ಹೀಗೆಯೇ ಅಂದರೇ? ನನ್ನನ್ನು ಕ್ಷಮಿಸಿಕೊಳ್ಳಲು ನಾನೇ ಕಟ್ಟಿಕೊಂಡ ಮಾತೇ? ಹರಳೆಣ್ಣೆಯ ವಾಸನೆಯಂತೂ ನಿಜ.

ಅವರು ಕೆಲಸ ಬಿಟ್ಟು ಹುಣಸೂರಿಗೆ ಹೋದ ಮೇಲೆ, ಗ್ರಾಮಫೋನ್ ಒಂದನ್ನು ಕಡ ತಂದು, ನಮ್ಮ ಪ್ಲೇಟಿನ ಜತೆ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ತಪ್ಪು ಒಪ್ಪಿಕೊಳ್ಳಲೆಂದೇ ಹೋಗಿದ್ದೆ. ಬೀದಿಯವರೆಲ್ಲ ಜಗಲಿಯಲ್ಲಿ ಸೇರಿದ್ದರು. ಪ್ಲೇಟು ತಿರುಗಿತು. ಆರ್ಗನ್ ಸೇರುವ ಮುಂಚೆ ಸಣ್ಣಗೆ 'ಗುಸ್' ಎಂದಿತು. ಅವರು ಬೆರಳೆತ್ತಿದರು: "ಇಕಾ, ಅದು ನಾನು!" ಹಾಡು ಮುಗಿದಾಗ ನನ್ನ ಬೆನ್ನು ತಟ್ಟಿ ಬೀದಿಗೆಲ್ಲ ಕೇಳುವಂತೆ, "ಕೇಳುದ್ರೇನ್ರಪ್ಪ? ನಮ್ ಕಡೆ ಉಡ್ಗ. ಒಂದಕ್ಸರ ತೆಪ್ಪಿಲ್ಲ!" ಎಂದರು. ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ನಾನು ಕಾಫಿ ಕುಡಿದು ಬಂದೆ. ಪ್ಲೇಟನ್ನು ಅಲ್ಲೇ ಬಿಟ್ಟೆ.

ಅವರು ತೀರಿಕೊಂಡ ಸುದ್ದಿ ತಿಂಗಳು ಕಳೆದು ತಿಳಿಯಿತು. ಹೋದೆ. ಗ್ರಾಮಫೋನಿಲ್ಲದ ಆ ಮನೆಯಲ್ಲಿ ಪ್ಲೇಟನ್ನೂ ಅದರ ಕಾಗದದ ಹೊದಿಕೆಯನ್ನೂ ದೇವರ ಪಟಗಳ ಸಾಲಿನಲ್ಲಿ ಮೊಳೆ ಹೊಡೆದು ತೂಗುಹಾಕಿದ್ದರು. ಹೊದಿಕೆಯ ಮೇಲೆ ಹಾಡಿದವರ ಹೆಸರುಗಳು ಇಂಗ್ಲಿಷಿನಲ್ಲಿ ಅಚ್ಚಾಗಿದ್ದವು. ತಿದಿ ಒತ್ತಿದವರ ಹೆಸರಿರಲಿಲ್ಲ.

ಮಗಳು ಕುಂಕುಮದ ಬಟ್ಟಲು ಹಿಡಿದು ಬಂದಳು. "ಇಂಗ್ಲೀಸ್ ಓದಕ್ ಬರೋರು ಯಾರೂ ಈ ಕಡೀಕೆ ಬರ್ನಿಲ್ಲ. ಇದ್ರಾಗೆ ನಮ್ಮಪ್ಪನ್ ಎಸ್ರು ಎಲ್ಲೈತೆ ಸ್ವಾಮಿ?"

ನಾನು ಆ ಸಾಲುಗಳ ಮೇಲೆ ಬೆರಳಾಡಿಸಿ, ನನ್ನ ಹೆಸರಿನ ಮೇಲೆ ನಿಲ್ಲಿಸಿದೆ. "ಇಲ್ಲಿ" ಎಂದೆ.

ಅವಳು ಅದರ ಮೇಲೆ ಕುಂಕುಮ ಇಟ್ಟಳು.