ಹದಿನಾಲ್ಕನೇ ನಂಬರಿನ ಜಾಕೆಟ್

ಸರೋವರದ ಟಿಕೆಟ್ ಕಿಟಕಿ ದಾಟಿದರೆ ತಗಡಿನ ಮಾಡಿನ ಉದ್ದನೆಯ ಕೋಣೆ ಸಿಗುತ್ತದೆ. ಅದರ ಬಾಗಿಲಿಗೆ ಅಡ್ಡಲಾಗಿ ಸೊಂಟದೆತ್ತರದ ಕೌಂಟರು. ಅದರ ಹಿಂದೆ ನಿಂತವಳು ಬಂದವರನ್ನು ನೋಡಿ ನಗುವುದಿಲ್ಲ. ಮುಖಕ್ಕಿಂತ ಮೊದಲು ಎದೆಯ ಸುತ್ತಳತೆ ನೋಡುತ್ತಾಳೆ. ಗೂಟದಿಂದ ಒಂದು ಲೈಫ್ ಜಾಕೆಟ್ ಇಳಿಸಿ ತೊಡಿಸಿ, ಮೂರು ಪಟ್ಟಿಗಳನ್ನೂ ತಾನೇ ಬಿಗಿದು, ಎರಡು ಭುಜ ಹಿಡಿದು ಮೇಲಕ್ಕೆ ಒಮ್ಮೆ ಜಗ್ಗುತ್ತಾಳೆ. ಜಾಕೆಟ್ ಕಿವಿಯವರೆಗೆ ಬಂದರೆ ಬಿಚ್ಚಿಸಿ ಬೇರೆಯದು ಕೊಡುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎಲ್ಲರ ಬಾಯಲ್ಲೂ ಆಕೆ ಜಾಕೆಟ್ ಅಕ್ಕ.

ರಜೆ ಬಂತೆಂದರೆ ಪಟ್ಟಣದವರು ಸಾಲುಗಟ್ಟಿ ಬರುತ್ತಾರೆ. ಕೆಲವರಿಗೆ ನಡುಗಡ್ಡೆಯ ಹಕ್ಕಿಗಳನ್ನು ನೋಡಬೇಕು, ಕೆಲವರಿಗೆ ತಾವೇ ಹುಟ್ಟು ಹಾಕುವ ಕಯಾಕ್ ಬೇಕು, ಹೆಚ್ಚಿನವರಿಗೆ ನೀರಿನ ಮುಂದೆ ತಮ್ಮದೊಂದು ಫೋಟೊ ಬೇಕು. ಅಕ್ಕನಿಗೆ ಇವರ ಪೈಕಿ ಯಾರ ಮೇಲೂ ನಂಬಿಕೆಯಿಲ್ಲ. ಈಜು ಬರುತ್ತದೆ ಎನ್ನುವವರ ಮೇಲಂತೂ ಇಲ್ಲವೇ ಇಲ್ಲ.

"ಎಲ್ಲಿ ಕಲಿತ್ರಿ?"

"ಈಜುಕೊಳದಲ್ಲಿ."

"ಅಲ್ಲಿ ತಳ ಕಾಣುತ್ತಲ್ವಾ? ಕೈ ಎತ್ತಿ."

ಈ ಅನುಮಾನಕ್ಕೆ ಕಾರಣವಿದೆ. ಆಕೆ ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹೊಸ ಜಾಕೆಟ್ ತೊಟ್ಟಿದ್ದ ಒಬ್ಬ ದೋಣಿಯಿಂದ ಬಿದ್ದ. ಜಾಕೆಟ್ ಅವನನ್ನು ಮೇಲೆತ್ತಲಿಲ್ಲ. ದೋಣಿಯವನು ಹುಟ್ಟು ಚಾಚಿದ್ದರಿಂದ ಬದುಕಿಕೊಂಡ. ಬಿಚ್ಚಿ ನೋಡಿದರೆ ಒಳಗೆ ತುಂಡು ಸ್ಪಂಜು, ಹರಕು ಬಟ್ಟೆ. ಅಂದಿನಿಂದ ಹೊಸ ಮಾಲು ಬಂದಾಗಲೆಲ್ಲ ಅಕ್ಕ ಐದು ಕಿಲೋದ ತೂಕದ ಬಟ್ಟು ಕಟ್ಟಿ ಜಾಕೆಟ್ಟನ್ನು ಇಡೀ ಹಗಲು ನೀರಿನಲ್ಲಿ ಬಿಡುತ್ತಾಳೆ. ಸಂಜೆಯವರೆಗೆ ತೇಲಿದರೆ ಉಳಿಯಿತು, ಇಲ್ಲವಾದರೆ ವಾಪಸು. ಆಕೆ ರಿಜಿಸ್ಟರಿನಲ್ಲಿ ಸಹಿ ಹಾಕದೆ ಒಂದು ದೋಣಿಯೂ ಹೊರಡುವಂತಿಲ್ಲ.

ಈ ವರ್ಷದ ಸೀಸನ್ ಶನಿವಾರ ಶುರುವಾಗಬೇಕಿತ್ತು. ಬುಧವಾರ ಮೂವತ್ತು ಹೊಸ ಜಾಕೆಟ್ ಬಂದವು. ತಂದವನು ಆಕೆಯ ಸ್ವಂತ ತಮ್ಮ. ದೋಣಿ ಸಾಮಾನಿನ ಅಂಗಡಿ ಇಟ್ಟು ಅವನಿಗೆ ಒಂದು ವರ್ಷವಾಗಿತ್ತು. ಸಿಕ್ಕ ಮೊದಲ ದೊಡ್ಡ ಗಿರಾಕಿ ಇದು. ಜಾಕೆಟ್ ಅಕ್ಕ ಬೇಡವೆಂದ ಮಾಲನ್ನು ಸುತ್ತಲಿನ ಯಾವ ಸರೋವರದವರೂ ಕೊಳ್ಳುವುದಿಲ್ಲ. ಹಾಗಾದರೆ ಅಂಗಡಿಗೆ ಬೀಗ ಬೀಳುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ಅಕ್ಕ ಹೊಸದೊಂದನ್ನು ಎತ್ತಿ ನೋಡಿದಳು. ಉಬ್ಬಿಕೊಂಡಿತ್ತು, ಆದರೆ ಹಗುರ. ಇನ್ನೊಂದು ಕೈಯಲ್ಲಿ ಹಳೆಯದೊಂದನ್ನು ಎತ್ತಿದಳು. ಚಪ್ಪಟೆ, ಗಟ್ಟಿ, ಕೈಗೆ ತೂಕ ಸಿಗುತ್ತಿತ್ತು.

"ಏನೋ ಇದು, ದಿಂಬು ತಂದಿದ್ದೀಯಾ?"

"ಹೊಸ ಫೋಮ್ ಅಕ್ಕಾ. ಹಗುರ ಇದ್ರೇನೇ ಚೆನ್ನಾಗಿ ತೇಲೋದು."

"ಯಾರು ಹೇಳಿದ್ದು?"

"ಕಂಪನಿಯವ್ರು."

"ಮಾರೋರು ಇನ್ನೇನು ಹೇಳ್ತಾರೆ, ಮುಳುಗುತ್ತೆ ಅಂತಾನಾ?"

ಆಕೆ ಕತ್ತರಿ ತೆಗೆದು ಮೇಲಿದ್ದ ಜಾಕೆಟ್ಟಿನ ಹೊಲಿಗೆ ಸೀಳಿಬಿಟ್ಟಳು. ಒಳಗೆ ಬಿಳಿಯ ಫೋಮಿನ ಹಾಳೆಗಳು, ಒಂದಿಷ್ಟೂ ಕೊಳಕಿಲ್ಲ.

"ಸಮಾಧಾನ ಆಯ್ತಾ?" ಎಂದ ತಮ್ಮ.

"ಮೇಲಿಟ್ಟಿದ್ದು ಚೆನ್ನಾಗೇ ಇರುತ್ತೆ. ತರಕಾರಿಯವನೂ ಹಾಗೇ ಜೋಡಿಸ್ತಾನೆ."

"ಅಕ್ಕಾ, ನನ್ನನ್ನ ಎತ್ತಿ ಆಡಿಸಿದವಳು ನೀನು. ನನ್ನ ಮೇಲೇನೇ ಅನುಮಾನಾನಾ?"

"ಎತ್ತಿ ಆಡಿಸಿದ್ದಕ್ಕೇ ಅನುಮಾನ. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ನೀನೇ ಹಾಕ್ಕೊಂಡಿದ್ದು ಮರ್ತುಹೋಯ್ತಾ?"

ಬಾಗಿಲಲ್ಲಿ ನಿಂತಿದ್ದ ದೋಣಿಯವರು ಗೊಳ್ಳೆಂದರು. ಅವರಲ್ಲಿ ಹಿರಿಯನಿಗೆ ಮೀಸೆ ಎಂದೇ ಹೆಸರು. "ಒಡಹುಟ್ಟಿದವನ್ನೇ ಬಿಡಲ್ಲ, ನಮ್ಮ ಗತಿ ಏನು ಅಂತೀನಿ," ಎಂದ. ತಮ್ಮ ನಗಲಿಲ್ಲ. ಲೆಕ್ಕದ ಚೀಟಿಯನ್ನು ಕೌಂಟರಿನ ಮೇಲಿಟ್ಟು ಹೊರಟುಹೋದ.

ಗುರುವಾರ ಬೆಳಗ್ಗೆ ಎಂಟಕ್ಕೆ ಅಕ್ಕ ಕಟ್ಟಿನ ತಳದಿಂದ ಮೂರು ಹೊಸ ಜಾಕೆಟ್ ಎಳೆದಳು. ನಿಜವಾದ ಜಾಕೆಟ್ ಹೇಗೆ ತೇಲುತ್ತದೆಂದು ತಮ್ಮನಿಗೆ ತೋರಿಸಬೇಕಿತ್ತು. ಅದಕ್ಕಾಗಿ ಇಪ್ಪತ್ತಾರು ಹಳೆಯವುಗಳಲ್ಲಿ ತನಗೆ ಹೆಚ್ಚು ಭರವಸೆಯಿದ್ದ ಒಂದನ್ನೂ ಆರಿಸಿಕೊಂಡಳು. ನಾಲ್ಕಕ್ಕೂ ಬಟ್ಟು ಕಟ್ಟಿ, ದೋಣಿ ನಿಲ್ಲುವ ಕಟ್ಟೆಯ ಅಂಚಿನಿಂದ ಹಗ್ಗದಲ್ಲಿ ಇಳಿಬಿಟ್ಟಳು. ಅತ್ತ ಯಾರೂ ಸುಳಿಯಕೂಡದೆಂದು ಅಪ್ಪಣೆಯಾಯಿತು.

ಹತ್ತು ಗಂಟೆಗೆ ಮೀಸೆ ಗೇಟಿನ ಬಳಿ ತಮ್ಮನ ಜೊತೆ ಟೀ ಕುಡಿಯುವುದು ಆಕೆಯ ಕಣ್ಣಿಗೆ ಬಿತ್ತು. ಮೀಸೆ ಒಳಗೆ ಬಂದ ಕೂಡಲೇ ಕೇಳಿದಳು: "ಏನು ಮಾತಾಡ್ತಿದ್ರಿ?"

"ನಿನ್ನ ಬಗ್ಗೇನೇ. ಇನ್ಯಾರ ಬಗ್ಗೆ ಮಾತಾಡೋಣ?"

"ಟೀ ಯಾರು ಕೊಡ್ಸಿದ್ದು?"

"ಅವನೇ. ಬಿಸ್ಕತ್ತೂ ಕೊಡ್ಸಿದ. ಬರ್ಕೋ ರಿಜಿಸ್ಟರಲ್ಲಿ."

ಅಕ್ಕ ಹೋಗಿ ನಾಲ್ಕೂ ಗಂಟುಗಳನ್ನು ಮತ್ತೆ ಮುಟ್ಟಿ ನೋಡಿ ಬಂದಳು. ಹನ್ನೆರಡಕ್ಕೆ ಇನ್ನೊಮ್ಮೆ.

ಕೌಂಟರಿನಿಂದ ಹಗ್ಗಗಳು ಮಾತ್ರ ಕಾಣುತ್ತವೆ. ಜಾಕೆಟ್ಟುಗಳು ಕಟ್ಟೆಯ ಮರೆಯಲ್ಲಿರುತ್ತವೆ. ಮಧ್ಯಾಹ್ನ ಎರಡರ ಹೊತ್ತಿಗೆ ಮೂರು ಹಗ್ಗ ಅಲೆಗೆ ಸಡಿಲವಾಗಿ ಆಡುತ್ತಿದ್ದವು. ನಾಲ್ಕನೆಯದು ನೆಟ್ಟಗೆ ಬಿಗಿದು ನಿಂತಿತ್ತು. ಒಂದು ಮುಳುಗಿತ್ತು.

ಆಕೆ ಎದ್ದು ನೋಡಲು ಹೋಗಲಿಲ್ಲ. ನೋಡುವುದೇನಿದೆ? ತಮ್ಮನಿಗೆ ಫೋನು ಮಾಡಿದಳು. "ಬಾರೋ. ನಿನ್ನ ದಿಂಬು ಎಷ್ಟು ನೀರು ಕುಡಿದಿದೆ ನೋಡು ಬಾ." ಅವನು ಬರುವಷ್ಟರಲ್ಲಿ ರಿಜಿಸ್ಟರಿನಲ್ಲಿ 'ಹೊಸ ಜಾಕೆಟ್ ತಿರಸ್ಕೃತ' ಎಂದು ಬರೆದು ಮುಗಿಸಿದ್ದಳು. ಸುದ್ದಿ ಕೇಳಿದ ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಓಡಿ ಬಂದ.

ತಮ್ಮ ನೇರ ಕಟ್ಟೆಗೆ ಹೋಗಿ ಬಿಗಿದಿದ್ದ ಹಗ್ಗ ಎಳೆದ. ಜಾಕೆಟ್ ನೀರು ಸುರಿಸುತ್ತ ಮೇಲೆ ಬಂತು. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಹದಿನಾಲ್ಕು ಎಂದು ಬರೆದಿತ್ತು. ಹೊಸವಕ್ಕೆ ಇನ್ನೂ ನಂಬರು ಹಾಕಿರಲಿಲ್ಲ. ಅದು ಅಕ್ಕನದೇ ಕೈಬರಹ. ಕೆಳಗೆ ಮೂರು ಹೊಸ ಜಾಕೆಟ್ಟುಗಳು ತೇಲುತ್ತಿದ್ದವು.

ತಮ್ಮ ಹದಿನಾಲ್ಕರ ಅಂಚನ್ನು ಹಿಂಡಿ ನೋಡಿದ. ಅವನ ದನಿಯಲ್ಲಿ ಗೆದ್ದ ಗತ್ತು ಇರಲಿಲ್ಲ.

"ಸೀಸನ್ ಮುಗಿದ್ಮೇಲೆ ಇವನ್ನ ಹೇಗೆ ಇಡ್ತೀಯ ಅಕ್ಕಾ?"

"ಒಂದರ ಮೇಲೊಂದು ಪೇರಿಸಿ, ಮೇಲೆ ದೋಣಿ ಹಲಗೆ ಹೇರ್ತೀನಿ. ಇಲಿ ನುಗ್ಗಬಾರ್ದು ಅಂತ."

"ಎಷ್ಟು ತಿಂಗಳು?"

"ನಾಲ್ಕು."

"ಎಷ್ಟು ವರ್ಷದಿಂದ?"

ಆಕೆ ಬೆರಳು ಮಡಚಿ ಎಣಿಸತೊಡಗಿದಳು. ಎಂಟು ವರ್ಷ ಹಲಗೆಯ ಭಾರಕ್ಕೆ ಫೋಮು ಅಪ್ಪಚ್ಚಿಯಾಗಿ, ಬಿರುಕು ಬಿಟ್ಟು, ಮೆಲ್ಲಗೆ ನೀರು ಹೀರುತ್ತಿತ್ತು. ಕೈಗೆ ಗಟ್ಟಿಯೆಂದು ಸಿಗುತ್ತಿದ್ದುದು ಅದೇ. ಬೇರೆಯವರು ತಂದದ್ದನ್ನೆಲ್ಲ ಶಂಕಿಸಿದ ಆಕೆ, ಒಮ್ಮೆ ತಾನು ಸೈ ಎಂದದ್ದನ್ನು ಮತ್ತೆ ನೀರಿಗಿಳಿಸಿ ನೋಡಿರಲಿಲ್ಲ.

ಆ ಜಾಕೆಟ್ಟನ್ನು ಕೈಗೆತ್ತಿಕೊಂಡು, ಯಾರಿಗೆಂದಿಲ್ಲದೆ ಹೇಳಿದಳು: "ಹೋದ ವರ್ಷ ಒಬ್ಬ ಲಾರಿ ಡ್ರೈವರ್ ಬಂದಿದ್ದ. ನೂರು ಕಿಲೋ ದಾಟಿದ ಆಳು. ಈಜು ಬರಲ್ಲಕ್ಕಾ, ಗಟ್ಟಿಯಾಗಿರೋದು ಕೊಡಿ ಅಂದ. ಇದನ್ನೇ ಕೊಟ್ಟೆ."

ಆ ಮೂರು ಹೊಸವು ಸಂಜೆಯವರೆಗೂ ತೇಲಿದವು. ಶುಕ್ರವಾರ ಉಳಿದ ಇಪ್ಪತ್ತೈದು ಹಳೆಯವನ್ನೂ ಕಬ್ಬಿಣ ಕಟ್ಟಿ ನೀರಿಗೆ ಬಿಟ್ಟಳು. ಸಂಜೆಗೆ ತೇಲುತ್ತಿದ್ದುದು ಏಳು. ಆಕೆ ಅವುಗಳನ್ನೂ ಸೇರಿಸಿ ಎಲ್ಲದರ ಪಟ್ಟಿ ಕತ್ತರಿಸತೊಡಗಿದಾಗ ಮ್ಯಾನೇಜರ್ ಕೂಗಾಡಿದ.

"ಏಳು ತೇಲಿದ್ವಲ್ಲಮ್ಮಾ! ಅವನ್ನಾದ್ರೂ ಇಟ್ಕೊಳ್ಳಿ. ನೂರು ಜನ ಬುಕ್ ಮಾಡಿದ್ದಾರೆ."

"ಇವತ್ತು ತೇಲಿವೆ ಸಾರ್. ನಾಳೆದು ನಂಗೊತ್ತಿಲ್ಲ." ರಿಜಿಸ್ಟರನ್ನು ಅವನತ್ತ ತಿರುಗಿಸಿದಳು. "ನಿಮಗೆ ಗೊತ್ತಿದ್ರೆ ನೀವು ಸಹಿ ಹಾಕಿ."

ಮ್ಯಾನೇಜರ್ ಪೆನ್ನು ಮುಟ್ಟಲಿಲ್ಲ. ಸೀಳಿದ್ದೊಂದನ್ನು ಬಿಟ್ಟು ಇಪ್ಪತ್ತೊಂಬತ್ತು ಹೊಸ ಜಾಕೆಟ್ ಉಳಿದಿದ್ದವು. ನೀರಿನ ಮೇಲೆ ಒಂದು ಸಲಕ್ಕೆ ಅಷ್ಟೇ ಜನ ಎಂದು ತೀರ್ಮಾನವಾಯಿತು. 'ತಿರಸ್ಕೃತ' ಎಂದು ಬರೆದ ಸಾಲನ್ನು ಅಕ್ಕ ಹೊಡೆದು ಹಾಕಿದಳು. ತಮ್ಮನ ಬಳಿ ಕ್ಷಮೆ ಕೇಳಲಿಲ್ಲ. ಅವನು ಹಲಗೆಗಳನ್ನು ಹೊರಗೆ ಹಾಕಿ, ಗೋಡೆಗೆ ಇನ್ನೊಂದು ಸಾಲು ಗೂಟ ಹೊಡೆಯುವಾಗ ಸ್ಟೂಲು ಅಲುಗದಂತೆ ಹಿಡಿದು ನಿಂತಿದ್ದಳು.

ಶನಿವಾರ ಬೆಳಗ್ಗೆ, ಗೇಟು ತೆಗೆಯುವ ಮೊದಲು ಆಕೆ ಮೀಸೆಯನ್ನು ಕೌಂಟರಿನ ಒಳಗೆ ಕರೆದಳು.

"ನಾನು ನೋಡಿ ಕೊಟ್ಟಿದ್ದನ್ನ ನೀನೂ ಒಂದ್ಸಲ ನೋಡು. ನಿನ್ನ ಸಹಿನೂ ಬೇಕು ಇನ್ಮೇಲೆ."

ಮೀಸೆ ಅದೇ ಪದವಿಗಾಗಿ ಜನ್ಮವಿಡೀ ಕಾದವನಂತೆ ತೋಳು ಮಡಚಿ ನಿಂತ. ಹತ್ತು ಜನ ದಾಟಿದರು. ಹನ್ನೊಂದನೆಯವಳು ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡ ಹೆಂಗಸು. ಅಕ್ಕ ಪಟ್ಟಿ ಬಿಗಿದು, ಭುಜ ಜಗ್ಗಿ, ಮುಂದಕ್ಕೆ ಬಿಟ್ಟಳು. ಮೀಸೆಯೂ ಜಗ್ಗಿ ಅಡ್ಡಡ್ಡ ತಲೆಯಾಡಿಸಿದ.

"ಇದು ಬೇಡ."

"ಯಾಕೆ? ಏನಾಗಿದೆ?"

"ಗೊತ್ತಿಲ್ಲ. ಕೈಗೆ ಸರಿ ಬರ್ತಿಲ್ಲ."

ಅಕ್ಕ ಪಟ್ಟಿ ನೋಡಿದಳು, ಬಕಲ್ ನೋಡಿದಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು. ಏನೂ ಸಿಗಲಿಲ್ಲ. ಹೆಂಗಸು ಇಬ್ಬರ ಮುಖವನ್ನೂ ನೋಡಿದಳು. "ಹಕ್ಕಿಗಳು ಹಾರಿಹೋಗ್ತವೆ ಕಣ್ರೀ. ಹೋಗ್ಲಾ, ಬೇಡ್ವಾ?"

"ನಿಲ್ಲಿ," ಎಂದು ಅಕ್ಕ ಮೂರೂ ಪಟ್ಟಿಗಳನ್ನು ಬಿಚ್ಚತೊಡಗಿದಳು.