ಹೆಸರು ಹಿಡಿದು ಕರೆದರೆ

ಇವತ್ತು ಮಧ್ಯಾಹ್ನದ್ದು ಕೇಳಿ ಮಾರಾಯ್ರೆ.

ನಾಲ್ಕು ವರ್ಷದ ಮಗಳಿಗೆ ಆಟಿಸಂ ಇದೆಯಾ ನೋಡೋಕೆ ಡಾಕ್ಟರು ಒಂದು ಫಾರಂ ಕೊಟ್ಟಿದ್ದಾರೆ. ಮೊದಲನೇ ಪ್ರಶ್ನೆ: ‘ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆಯೇ?’

‘ಇಲ್ಲ’ ಅಂತ ಬರೆಯೋಕೆ ಹೋದರೆ ಅತ್ತೆ ಪೆನ್ನು ಕಿತ್ಕೊಂಡ್ರು. “ಅದೇನು ಕಾಯಿಲೆಯಾ? ಒಂದೇ ಕರೆಗೆ ಓಗೊಡಬಾರದು ಅಂತ ನಾನೇ ಕಲ್ಸಿದ್ದು. ಮನುಷ್ಯರಾದ್ರೆ ಇನ್ನೊಂದ್ಸಲ ಕರೀತಾರೆ.”

ಜಗಳ ಬೇಡ ಅಂತ ಅತ್ತೆನ ಮನೇಲಿ ಬಿಟ್ಟು ನಾನು, ನಮ್ಮನೆಯವ್ರು, ಮಗಳು ಮೂವರೂ ಕಾರಲ್ಲಿ ದೇವರಮನೆ ಗುಡ್ಡದ ಕಡೆ ಹೊರಟ್ವಿ. ಗುಡ್ಡದ ಮೇಲೆ ಹತ್ತು ಹೆಜ್ಜೆ ಆಚೆಗೆ ಏನೂ ಕಾಣದಷ್ಟು ಮಂಜು. ಕೂತ್ಕೊಂಡು ಮಗಳ ಶೂ ಕಟ್ತಿದ್ದೆ. ಹಿಂದಿನಿಂದ ನಮ್ಮನೆಯವ್ರ ದನಿ ಕರೀತು, “ಸುಮಾ.” ಒಂದೇ ಸಲ.

“ಓ” ಅನ್ನೋಕೆ ಬಾಯಿ ತೆರೆದೆ. ಯಾವತ್ತೂ ತಾನಾಗಿ ನನ್ನನ್ನ ಮುಟ್ಟದ ಮಗಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಕಣ್ಣು ನನ್ನ ಹೆಗಲಾಚೆ ಎಲ್ಲೋ ಇತ್ತು.

ಕೆಳಗೆ ಬಂದು ನೋಡಿದ್ರೆ ನಮ್ಮನೆಯವ್ರು ಕಾರಲ್ಲಿ ಗ್ಲಾಸ್ ಏರಿಸ್ಕೊಂಡು ನಿದ್ದೆ. “ನಾನ್ಯಾಕೆ ಕರೀಲಿ ಮಾರಾಯ್ತಿ, ಕಾರಿಂದ ಇಳಿದೇ ಇಲ್ಲ.”

ಸದ್ದು ಅಂದ್ರೆ ಅವಳಿಗೆ ಆಗಲ್ಲ, ಅದಕ್ಕೇ ಮುಚ್ಚಿರಬೇಕು. ಮನೆಗೆ ಬಂದು ಫಾರಂನಲ್ಲಿ ‘ಇಲ್ಲ’ ಅಂತಲೇ ಬರೆದೆ. ಯಾರು ಕರೆದಾಗ ಅಂತ ಅವರು ಕೇಳಿಲ್ಲವಲ್ಲ.